ಮುನ್ನೂರ ಹದಿನೇಳನೇ ಸದ್ದು

ಮುನ್ನೂರ ಹದಿನೇಳನೇ ಸದ್ದು ಏನೆಂದು ನನಗೆ ಗೊತ್ತಿರಲಿಲ್ಲ. ಯಾರಿಗೂ ಹೇಳದ ಈ ಮಾತನ್ನು ಆ ಸೋಮವಾರ ಬೆಳಿಗ್ಗೆ ಡೈರಿಯಲ್ಲಿ ಬರೆದು, ಯಾರೋ ಹಿಂದೆ ನಿಂತು ಓದುತ್ತಿದ್ದಾರೇನೋ ಎಂಬಂತೆ ಥಟ್ಟನೆ ಪುಟ ಮಗುಚಿದೆ. ಹಿಂದೆ ಇದ್ದದ್ದು ನಮ್ಮ ಬೆಕ್ಕು ಮಾತ್ರ.

ವಿಷಯ ಸಣ್ಣದು. ಎರಡು ವರ್ಷದ ಕೆಳಗೆ ಪದವಿ ಮುಗಿಸಿ ಮರಳಕೋಡಿಯ ಕಡಲಕಿವಿ ಕೇಂದ್ರದ ಕೆಲಸಕ್ಕೆ ಸೇರಿದಾಗ ನನ್ನನ್ನು ಮೊದಲು ಮಂಗಳೂರಿಗೆ ತರಬೇತಿಗೆ ಕಳಿಸಿದ್ದರು. ಸಮುದ್ರದ ಸದ್ದುಗಳನ್ನು ಒಂದೊಂದಾಗಿ ಕೇಳಿ ಗುರುತು ಹಾಕುವುದು ಅಲ್ಲಿನ ಕೆಲಸ. ಪರದೆಯ ಮೇಲೆ ಮೀನು, ಮಳೆ, ಅಲೆ, ಮನುಷ್ಯ, ಯಂತ್ರ ಎಂದು ಚೌಕಗಳು. ಕೊನೆಯಲ್ಲಿ 'ಗೊತ್ತಿಲ್ಲ' ಎಂದೂ ಒಂದು ಚೌಕ. ಅದನ್ನು ಒತ್ತಿದರೆ ಆ ಸದ್ದು ಇಡೀ ಕೋಣೆಗೆ ಕೇಳಿಸುತ್ತದೆ, ಒತ್ತಿದವರು ಎದ್ದು ನಿಂತು ತಮ್ಮ ಅನುಮಾನ ಹೇಳಬೇಕು. ಕೋಣೆಯಲ್ಲಿ ಹನ್ನೊಂದು ಜನ. ನನಗೆ ಶಾಲೆಯಲ್ಲಿ ಹಾಜರಿ ಕೂಗಿದಾಗ 'ಎಸ್ ಟೀಚರ್' ಎನ್ನುವುದಕ್ಕೂ ಗಂಟಲು ಒಣಗುತ್ತಿತ್ತು. ಮುನ್ನೂರ ಹದಿನೇಳನೆಯದು ದಪ್ಪನೆಯ ಬಡಿತ. ಧಬ್, ಧಬ್, ಧಬ್ ಎಂದು ಒಂದೂ ತಾಳ ತಪ್ಪದೆ. ನಾನು 'ಯಂತ್ರ' ಒತ್ತಿ ಮುಂದಿನ ಸದ್ದಿಗೆ ಹೋದೆ.

ಕಡಲಕಿವಿಯ ವಿಚಾರ ಗೊತ್ತಿಲ್ಲದವರಿಗೆ ಎರಡು ಮಾತು. ಸಮುದ್ರದ ತಳದಲ್ಲಿ ಹಳೆಯ ಇಂಟರ್‌ನೆಟ್ ಕೇಬಲ್‌ಗಳು ಮಲಗಿವೆ, ಅವುಗಳೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ. ದಡದಿಂದ ಆ ಎಳೆಗೆ ಬೆಳಕು ಬಿಟ್ಟರೆ ಚೂರುಪಾರು ಬೆಳಕು ದಾರಿಯುದ್ದಕ್ಕೂ ಹಿಂದಿರುಗುತ್ತಲೇ ಇರುತ್ತದೆ. ಎಲ್ಲಾದರೂ ಸದ್ದಾದರೆ ಅಲ್ಲಿ ಗಾಜು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಹಿಂದಿರುಗುವ ಬೆಳಕು ಅಷ್ಟೇ ಸೂಕ್ಷ್ಮವಾಗಿ ತಡವಾಗುತ್ತದೆ. ಆ ತಡವನ್ನು ಓದಿದರೆ ಸದ್ದು ಸಿಕ್ಕಿತು. ನಮ್ಮ ಮುಖ್ಯಸ್ಥೆ ಐರಿನ್ ಕ್ರಾಸ್ತಾ ಮೇಡಮ್ ಇಪ್ಪತ್ತು ವರ್ಷ ಕೂತು ಮಾಡಿದ್ದು ಆ ಓದುವ ಪೆಟ್ಟಿಗೆಯನ್ನು. ಅಕ್ಕಿ ಡಬ್ಬಿಯಷ್ಟು ದೊಡ್ಡದು, ಯಾವ ದೇಶದ ವರ್ಕ್‌ಶಾಪಿನಲ್ಲೂ ಮಾಡಿಕೊಳ್ಳಬಹುದು. ಯಾವ ಸದ್ದು ಏನೆಂದು ಅದು ಕಲಿಯುವುದು ತರಬೇತಿಯಲ್ಲಿ ನಾವು ಹಾಕಿದ ಗುರುತುಗಳಿಂದ. ಅದಕ್ಕೊಂದು ಕೊರತೆಯಿದೆ. ಸದ್ದು ಕೇಬಲ್ಲಿನ ಎಷ್ಟನೇ ಕಿಲೋಮೀಟರಿನಲ್ಲಿ ಆಯಿತೆಂದು ಹೇಳುತ್ತದೆ, ಕೇಬಲ್ಲಿನ ಯಾವ ಪಕ್ಕದಲ್ಲಿ ಎಂದು ಹೇಳದು.

ಜಗತ್ತಿನಲ್ಲಿ ಆಗ ಎರಡು ದೊಡ್ಡ ಬಣಗಳು: ಮೂಡಣದ್ದು, ಪಡುವಣದ್ದು. ಎರಡೂ ತಮ್ಮ ಜಲಾಂತರ್ಗಾಮಿಗಳನ್ನು ಸದ್ದಿಲ್ಲದೆ ಓಡಾಡಿಸುತ್ತ, ನಮ್ಮಂಥ ದೇಶಗಳಿಗೆ 'ಅವನು ಬರುತ್ತಿದ್ದಾನೆ, ನನ್ನ ಬೆನ್ನಿಗೆ ಬಾ' ಎನ್ನುತ್ತಿದ್ದವು. ಮತ ಹಾಕಿ ಸರಕಾರ ಮಾಡಿಕೊಳ್ಳುವ ಹತ್ತೊಂಬತ್ತು ಕರಾವಳಿ ದೇಶಗಳು ಸೇರಿ ಇದಕ್ಕೊಂದು ಉತ್ತರ ಕಂಡುಕೊಂಡವು. ಯಾರ ಬೆನ್ನಿಗೂ ಹೋಗುವುದು ಬೇಡ. ಕೇಳಿಸಿದ್ದನ್ನೆಲ್ಲ ಆ ಕ್ಷಣದಲ್ಲೇ ಎಲ್ಲರಿಗೂ ಬಿಚ್ಚಿಡೋಣ, ಮೂಡಣಕ್ಕೂ ಪಡುವಣಕ್ಕೂ ಶಾಲೆ ಮಕ್ಕಳಿಗೂ ಒಂದೇ ಸಲ. ಆರು ವರ್ಷದಿಂದ ಸಮುದ್ರದ ಹೆಸರು ಹೇಳಿ ನಮ್ಮನ್ನು ಹೆದರಿಸುವುದು ಯಾರಿಗೂ ಆಗಿರಲಿಲ್ಲ. ನಮ್ಮೂರ ಶಾಲೆಯಲ್ಲಿ ಬುಧವಾರ ತಿಮಿಂಗಿಲ ಕೇಳುವ ಪಿರಿಯಡ್ಡು. ಮೀನು ಹರಾಜು ಕಟ್ಟೆಯ ಸ್ಪೀಕರಿನಲ್ಲಿ ಬಂಗುಡೆ ಹಿಂಡಿನ ಚಟಪಟ ಕೇಳಿಸಿದರೆ ಅಂಗಡಿಯವರು ಅರ್ಧ ಲೋಟ ಚಾ ಬಿಟ್ಟು ಓಡುತ್ತಿದ್ದರು.

ಆ ಸೋಮವಾರ ಸಂಜೆ ನಾಲ್ಕೂವರೆಗೆ ಪರದೆ ಕೆಂಪಾಯಿತು.

*

"ಯವ್ವಾ! ಕೆಂಪಾತಲ್ಲಬೇ!" ಎಂದು ಕೂಗಿದವರು ಬಸಲಿಂಗ ಹಂಚಿನಾಳ. ನನ್ನ ಪಕ್ಕದ ಕುರ್ಚಿಯವರು, ಗದಗದ ಕಡೆಯವರು. ಮೂರು ವರ್ಷದಿಂದ ಕಡಲಿನ ಸದ್ದು ಕೇಳುವುದೇ ಕೆಲಸವಾದರೂ ಕಡಲಿಗೆ ಪಾದ ತಾಗಿಸಿದವರಲ್ಲ. ಇಷ್ಟು ನೀರನ್ನು ಒಂದೇ ಕಡೆ ಇಟ್ಟದ್ದು ಸರಿಯಲ್ಲ ಎಂಬುದು ಅವರ ಅಭಿಪ್ರಾಯ.

ಪರದೆಯ ಮೇಲೆ ಹೀಗಿತ್ತು: ಗುರುತಿಲ್ಲದ ಯಂತ್ರ. ಖಚಿತತೆ ನೂರಕ್ಕೆ ತೊಂಬತ್ತಾರು. ಹತ್ತಿರದ ಹೋಲಿಕೆ: ಸದ್ದು ೩೧೭.

ಐರಿನ್ ಮೇಡಮ್ ಓಡಿ ಬಂದರು. ಅವರಿಗೆ ಅರವತ್ತು ದಾಟಿದೆ, ಓಡುವಾಗ ಕೊಡೆ ಹಿಡಿದುಕೊಂಡೇ ಓಡುತ್ತಾರೆ. ಕಿವಿಗೆ ಸಾಧನ ಇಟ್ಟುಕೊಂಡು ಕಣ್ಣು ಮುಚ್ಚಿ ಕೇಳಿದರು. "ಎಷ್ಟು ಕರೆಕ್ಟ್ ಹೊಡೀತಾ ಉಂಟು ಮಾರಾಯ್ರೆ! ಗಡಿಯಾರದ ಹಾಗೆ. ಮನುಷ್ಯರಾದ್ರೆ ಸ್ವಲ್ಪ ಹಿಂದೆ ಮುಂದೆ ಆಗ್ಬೇಕಿತ್ತು." ಮತ್ತೆ ಕಣ್ಣು ತೆರೆದು, "ಮುನ್ನೂರ ಹದಿನೇಳು ಯಾರು ಗುರುತು ಹಾಕಿದ್ದು? ಗ್ಯಾರಂಟಿ ಉಂಟಾ?" ಎಂದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ರಾಜಧಾನಿಯಿಂದ ಫೋನು ಬಂತು. ಮೇಡಮ್ ಕೊಡೆ ಸಮೇತ ಒಳಗೆ ಹೋದರು. ನಾನು ಬಾಯಿ ಮುಚ್ಚಿದೆ.

"ಏನೋ ಹೇಳಾಕ ಹೊಂಟಿದ್ದಿ ತಂಗಿ?" ಎಂದರು ಬಸಲಿಂಗ.

"ಏನಿಲ್ಲ ಅಣ್ಣ."

ಬುಧವಾರ ಮತ್ತೆ ಕೆಂಪಾಯಿತು. ಗುರುವಾರ ಮತ್ತೆ. ಅದೇ ಜಾಗ, ದಡದುದ್ದಕ್ಕೂ ಹಾದ ಕೇಬಲ್ಲು ಊರಿನ ನೇರಕ್ಕೆ ಬರುವಲ್ಲಿ. ಮೂಡಣ ಬಣ 'ಅದು ಪಡುವಣದ ಜಲಾಂತರ್ಗಾಮಿ' ಎಂದಿತು. ಪಡುವಣ 'ಮೂಡಣದ್ದು' ಎಂದಿತು. ಎರಡೂ ತಮ್ಮ ಹಡಗುಗಳನ್ನು ಕಳಿಸಿ ಹೊರಗಡಲನ್ನು ಜಾಲಾಡಿದವು. ಏನೂ ಸಿಗದೆ ಇದ್ದದ್ದಕ್ಕೆ ಇಬ್ಬರೂ ಇನ್ನಷ್ಟು ಹೆದರಿದರು. ಎರಡೂ ಕಡೆಯಿಂದ ಒಂದೇ ತರಹದ ಪತ್ರ ಬಂತು: ನಿಮ್ಮ ರಕ್ಷಣೆ ನಾವು ಮಾಡುತ್ತೇವೆ, ಭಾನುವಾರದೊಳಗೆ ಸಹಿ ಹಾಕಿ, ಕಡಲಕಿವಿಯ ಕೇಂದ್ರಗಳನ್ನು ನಮ್ಮ ಕಾವಲಿಗೆ ಬಿಡಿ. ಹತ್ತೊಂಬತ್ತು ದೇಶಗಳಲ್ಲಿ ಒಂಬತ್ತು ಆ ಕಡೆ ವಾಲಿದವು, ಒಂಬತ್ತು ಈ ಕಡೆ. ನಡುವೆ ಉಳಿದದ್ದು ನಾವು. ನಾವು ಯಾವ ಕಡೆ ಬಿದ್ದರೂ ಕೂಟ ಒಡೆಯುತ್ತದೆ, ಪೆಟ್ಟಿಗೆಗೆ ಬೀಗ ಬೀಳುತ್ತದೆ, ಮತ್ತೆ ಕಡಲು ಅವರಿಬ್ಬರ ಗುಟ್ಟಾಗುತ್ತದೆ.

ಕೂಟದ ಕಟ್ಟಳೆ ಹೀಗೆ: ಸಹಿಯ ವಿಷಯವನ್ನು ಮತಕ್ಕೆ ಹಾಕುವ ಮೊದಲು, ಸದ್ದು ಕೇಳಿಸಿದ ಊರಿನಲ್ಲಿ ಬಹಿರಂಗ ಸಭೆಯಾಗಬೇಕು. ಗುರುತು ಹಾಕಿದವರು ಊರಿನ ಎದುರು ನಿಂತು ಬಾಯಿಬಿಟ್ಟು ಹೇಳಬೇಕು. ಅವರೇ ಅಲ್ಲಿ ತಿದ್ದಿದರೆ ಎಚ್ಚರಿಕೆ ಅಲ್ಲಿಗೇ ರದ್ದು. ಕಾಗದ ಕೊಟ್ಟರೆ ತಿಂಗಳ ಪರಿಶೀಲನೆ, ಯಾಕೆಂದರೆ ಕಾಗದವನ್ನು ಯಾರು ಬೇಕಾದರೂ ಬರೆಸಬಹುದು.

ಸಭೆ ಭಾನುವಾರ ಬೆಳಿಗ್ಗೆ, ಹರಾಜು ಕಟ್ಟೆಯಲ್ಲಿ.

*

ಶುಕ್ರವಾರ ಮನೆಗೆ ಬಂದರೆ ಜಗಲಿಯಲ್ಲಿ ಅಮ್ಮಮ್ಮ ಎರಡು ಹೊಸ ವಸ್ತುಗಳನ್ನು ಮುಂದಿಟ್ಟುಕೊಂಡು ಕೂತಿದ್ದಳು. ಒಂದು ಕೊಡೆ, ಒಂದು ಟಾರ್ಚು.

"ಕೊಡೆ ಮೂಡಿನವ್ರದ್ದ್, ಟಾರ್ಚ್ ಪಡುವಿನವ್ರದ್ದ್," ಎಂದಳು. "ಊರಿಗೆಲ್ಲಾ ಹಂಚ್ತಾ ಇದ್ರ್ ಅಂಬ್ರ್. ಕಾಣ್, ಕೊಡೆ ಅಡ್ಡಿಲ್ಲ. ಟಾರ್ಚ್ ಸಮಾ ಇಲ್ಲ."

ಅಷ್ಟರಲ್ಲಿ, ಸಭೆಗೆಂದು ಊರಿಗೆ ಬಂದು ಕೊಡೆ ಹಂಚುತ್ತಿದ್ದ ಮೂಡಣದ ದೂತೆ ಮತ್ತೆ ಬಂದರು, ಎತ್ತರದ ಹೆಂಗಸು. ಅವರ ಹಿಂದೆಯೇ, ತಾನು ಹಿಂದೆ ಬೀಳಬಾರದೆಂದು ಪಡುವಣದ ದೂತ, ಬಿಸಿಲಿಗೆ ಕೆಂಪಾದ ಗುಂಡು ಮುಖದವನು. ಇಬ್ಬರ ಅಂಗಿಗೂ ಭಾಷಾಂತರ ಮಾಡುವ ಬಿಲ್ಲೆ ಸಿಕ್ಕಿಸಿತ್ತು. ದೂತೆ ತನ್ನ ಭಾಷೆಯಲ್ಲಿ ಏನೋ ಹೇಳಿದರು, ಬಿಲ್ಲೆ ಕನ್ನಡದಲ್ಲಿ ಮೊಳಗಿತು: "ವಂದನೆಗಳು, ಪೂಜ್ಯ ಮಾತೆಯೇ. ತಮ್ಮ ಕಡಲತೀರವು ಘೋರ ಗಂಡಾಂತರದ ಅಂಚಿನಲ್ಲಿದೆ."

ಅಮ್ಮಮ್ಮ ನನ್ನ ಕಡೆ ತಿರುಗಿದಳು. "ಹೆಣೆ, ಇವ್ರ್ ಎಂತ ರೇಡಿಯೋ ನುಂಗಿದ್ರಾ?"

ಬಿಲ್ಲೆ ಅದನ್ನೂ ನಿಷ್ಠೆಯಿಂದ ಭಾಷಾಂತರಿಸಿತು. ದೂತೆಯ ಮುಖ ಒಂದು ಗಳಿಗೆ ಹಾಗೆಯೇ ಇದ್ದು ಮತ್ತೆ ಬಿರಿದು ನಕ್ಕಿತು. ಪಡುವಣದ ದೂತನೂ ನಕ್ಕ. ಅವರಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲಿರಬೇಕು, ನಕ್ಕ ಮೇಲೆ ಇಬ್ಬರೂ ತಪ್ಪು ಮಾಡಿದವರಂತೆ ಬೇರೆ ಬೇರೆ ಕಡೆ ನೋಡಿದರು.

"ಮೀನ್ ತಿಂತ್ರ್ಯಾ?" ಎಂದಳು ಅಮ್ಮಮ್ಮ. "ಹಾಂಗಾರೆ ನಾಳೆ ಸಂಜೆ ದಡಕ್ಕೆ ಬನ್ನಿ. ನಮ್ಮ ಶೀನ ರಂಪಣಿ ಬೀಸ್ತಾ. ಆದ್ರೆ ಬರೀ ಕಾಂಬುಕೆ ಬಂದವ್ರಿಗೆ ಪಾಲಿಲ್ಲ. ಹಗ್ಗ ಎಳ್ದವ್ರಿಗೆ ಮಾತ್ರ."

ಶೀನ ಎಂದರೆ ನನ್ನ ಸೋದರಮಾವ. ರಂಪಣಿ ಎಂದರೆ ದಡದಿಂದ ಎಳೆಯುವ ಬಲೆ, ಅರ್ಧ ಊರನ್ನು ಸುತ್ತುವಷ್ಟು ಉದ್ದದ್ದು. ಮೋಟಾರು ದೋಣಿಗಳು ಬಂದ ಮೇಲೆ ಅದು ಮೂಲೆಗೆ ಬಿದ್ದಿತ್ತು. ನಾನು ತರಬೇತಿಗೆಂದು ಮಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ಮಾವ ಅದನ್ನು ಒಮ್ಮೆ ಇಳಿಸಿದನಂತೆ. ಬಲೆ ಬಂಡೆಗೆ ಸಿಕ್ಕಿ ಹರಿಯಿತು. ಎರಡು ವರ್ಷ ಇಡೀ ಕೇರಿ ಕೂತು ಹೆಣೆದು ಅದನ್ನು ಸರಿಮಾಡಿತು, ನಾನೂ ನೂರಾರು ಕಣ್ಣು ಹೆಣೆದಿದ್ದೇನೆ. ಈ ವಾರವಷ್ಟೇ ಅದು ಮತ್ತೆ ನೀರಿಗಿಳಿದಿತ್ತು.

"ಮೂರ್ ಸಲ ಬೀಸಿದ್ರ್, ಬಲೆ ತುಂಬ್ಲಿಲ್ಲ," ಎಂದಳು ಅಮ್ಮಮ್ಮ. "ನಾಳೆ ಆದ್ರೂ ಬತ್ತಾ ಕಾಂಬ."

*

ಶನಿವಾರ ಸಂಜೆ ಆಕಾಶ ತೊಳೆದಿಟ್ಟಂತಿತ್ತು. ದೋಣಿ ಬಲೆಯನ್ನು ಅರ್ಧಚಂದ್ರದಂತೆ ಬಿಡುತ್ತಾ ಹೋಗಿ ದಡಕ್ಕೆ ಬಂತು. ಬಲೆಯ ಎರಡು ತುದಿಗೆ ಎರಡು ಹಗ್ಗ: ತೆಂಕಣ ಬದಿಯದೊಂದು, ಬಡಗಣ ಬದಿಯದೊಂದು. ಒಂದೊಂದಕ್ಕೆ ಇಪ್ಪತ್ತು ಜನ. ಎರಡೂ ಬದಿಯವರು ಒಂದೇ ಸಮ ಎಳೆಯಬೇಕು. ಒಂದು ಬದಿ ಮುಂದಾದರೆ ಬಲೆ ಓರೆಯಾಗಿ ಮೀನು ಜಾರಿಕೊಳ್ಳುತ್ತದೆ.

ದೂತರಿಬ್ಬರೂ ಬಂದೇ ಬಂದರು. ಮಾವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಹ್ವಾಯ್, ಪ್ಯಾಂಟ್ ಮಡ್ಚ್‌ಕಣಿ. ಅಮ್ಮ, ನೀವ್ ತೆಂಕು ಬದಿ. ಅಣ್ಣ, ನೀವ್ ಬಡಗು ಬದಿ. ಒಂದೇ ಬದಿಗೆ ಇಬ್ರೂ ಬ್ಯಾಡ, ಜಗಳ ಮಾಡ್ಕಂತ್ರಿ."

ಎಳೆತ ಶುರುವಾಯಿತು. ಮಾವ ಪದ ಎತ್ತಿಕೊಟ್ಟ, ನಲವತ್ತು ಜನ ಅದಕ್ಕೆ ಓಗೊಟ್ಟು ಒಂದೇ ಸಲಕ್ಕೆ ಹಿಮ್ಮಡಿಯೂರಿ ಹಿಂದಕ್ಕೆ ವಾಲಿದರು. ಪಡುವಣದ ದೂತ ಉತ್ಸಾಹದಲ್ಲಿ ಜೋರಾಗಿ ಎಳೆದುಬಿಟ್ಟ.

"ಬಡಗು ಬದಿ! ಎಂತ ಅರ್ಜೆಂಟ್ ಮಾರಾಯ್ರೆ? ನಿಮ್ಮೊಬ್ರ ಮೀನಾ ಅದ್?" ಎಂದು ಮಾವ ಗದರಿದ. ಬಿಲ್ಲೆ ಭಾಷಾಂತರಿಸಿತು. ಮೂಡಣದ ದೂತೆಗೆ ಖುಷಿಯೋ ಖುಷಿ. ಆ ಖುಷಿಯಲ್ಲಿ ಆಕೆಯೂ ಜೋರಾಗಿ ಎಳೆದರು. "ಅಮ್ಮಾ! ನಿಮ್ಗೂ ಅದೇ ಮಾತ್!"

ನಾನು ಸೊಂಟದ ನೀರಿನಲ್ಲಿ ನಿಂತು ಬಲೆಯ ಮೇಲಂಚು ಹಿಡಿದಿದ್ದೆ. ಮಾತಾಡಬೇಕಿಲ್ಲದ ಕೆಲಸವಾದ್ದರಿಂದ ನನಗದು ಬಹಳ ಇಷ್ಟ. ಬಲೆಯ ಬಾಯಿಯ ಬಳಿ, ಮೀನು ಹೊರಗೋಡದಂತೆ, ಎರಡು ದೋಣಿಗಳವರು ಎಳೆಯುವವರ ಪದಕ್ಕೆ ಸರಿಯಾಗಿ ಹುಟ್ಟುಗೋಲಿನಿಂದ ದೋಣಿಯ ಮೈಗೆ ಬಡಿಯುತ್ತಿದ್ದರು. ಗಾಳಿಯಲ್ಲಿ ಅದು ಟಕ್ ಟಕ್ ಎಂಬ ಒಣ ಸದ್ದು. ಒಂದು ದೊಡ್ಡ ಅಲೆ ಬಂತು, ನಾನು ಮುಳುಗಿದೆ.

ನೀರಿನೊಳಗೆ ಅದು ಟಕ್ ಆಗಿರಲಿಲ್ಲ.

ಧಬ್. ಧಬ್. ಧಬ್.

ನಾನು ಏಳಲಿಲ್ಲ. ಉಸಿರು ಹಿಡಿದು ಅಲ್ಲೇ ಕೂತು ಕೇಳಿದೆ. ದೋಣಿಯ ಹಲಗೆ, ಮರಳಿಗೆ ಊರುವ ಎಂಬತ್ತು ಹಿಮ್ಮಡಿ, ಎಲ್ಲ ಸೇರಿ ಒಂದೇ ದಪ್ಪ ಬಡಿತವಾಗಿ ನನ್ನ ಎದೆಗೂಡಿಗೇ ತಾಗುತ್ತಿತ್ತು. ಒಂದೂ ತಾಳ ತಪ್ಪದೆ. ನನಗೆ ಆ ಕ್ಷಣದಲ್ಲಿ ಆದದ್ದು ಹೆದರಿಕೆಯಲ್ಲ, ಹೇಳಲಾರದಷ್ಟು ಸಂತೋಷ. ಹೆದರಿಕೆ ಬಂದದ್ದು ತಲೆ ಮೇಲೆತ್ತಿದ ಮೇಲೆ.

ದಡದಲ್ಲಿ ದೂತರ ಸಹಾಯಕರು ಓಡಿಬರುತ್ತಿದ್ದರು. ಅವರ ಕೈಯ ಪರದೆಗಳು ಕೆಂಪಾಗಿದ್ದವು. "ಜಲಾಂತರ್ಗಾಮಿಯು ಇದೀಗ ಇಲ್ಲಿಯೇ ಇದೆ!" ಎಂದು ಬಿಲ್ಲೆಗಳೆರಡೂ ಒಟ್ಟಿಗೆ ಅರಚಿದವು. ದೂತರಿಬ್ಬರೂ ಹಗ್ಗ ಹಿಡಿದೇ ತಲೆಯೆತ್ತಿ ದಿಗಂತವನ್ನು ನೋಡಿದರು. ಇಡೀ ದಡ ದಿಗಂತವನ್ನು ನೋಡಿತು.

"ಹಗ್ಗ ಬಿಡ್ಬೇಡಿ!" ಎಂದು ಮಾವ ಕಿರುಚಿದ. "ಬಂದ್ರೆ ಅದ್ಕೂ ಒಂದ್ ಪಾಲ್ ಕೊಡ್ವ, ಎಳೀನಿ!"

ಎಳೆದರು. ಬಲೆ ಈ ಸಲ ತುಂಬಿ ಬಂತು, ಮರಳಿನ ಮೇಲೆ ಬಂಗುಡೆ ಬೆಳ್ಳಿಯ ಹಾಗೆ ಚೆಲ್ಲಿತು. ಊರು ಕುಣಿಯಿತು. ಮಾವ ಪಾಲು ಹಾಕಿದ. ಎಳೆದವರಿಗೊಂದು, ಕಾಲು ನೋವಿನಿಂದ ಎಳೆಯಲಾಗದೆ ಪದ ಮಾತ್ರ ಹಾಡಿದ ಮುದುಕನಿಗೊಂದು, ದೂತೆಗೊಂದು, ದೂತನಿಗೊಂದು. ದೂತ ತನ್ನ ಪಾಲನ್ನು ಟೋಪಿಯಲ್ಲಿ ತುಂಬಿಕೊಂಡ. ಅಂಗೈಗಳು ಬೊಬ್ಬೆ ಎದ್ದಿದ್ದವು, ಅದನ್ನು ಎಲ್ಲರಿಗೂ ತೋರಿಸಿದ. ನಾನು ಒದ್ದೆ ಬಟ್ಟೆಯಲ್ಲೇ ಕೇಂದ್ರಕ್ಕೆ ಓಡಿದೆ.

*

ಹೇಳಲಿಲ್ಲ, ಬರೆದೆ. ಬಾಯಿಂದ ಬಾರದ್ದು ಕೈಯಿಂದ ಬರುತ್ತದೆ ನನಗೆ. ಒಂದು ಪುಟ ಬರೆದು ಮೇಡಮ್ಮಿನ ಮೇಜಿನ ಮೇಲಿಟ್ಟು ಗೋಡೆಗೆ ಆತು ನಿಂತೆ.

ಮೇಡಮ್ ಓದಿದರು. ಬಸಲಿಂಗಣ್ಣನನ್ನು ಕರೆದು ನಾಲ್ಕೂ ದಿನದ ಸದ್ದುಗಳನ್ನು ಹಾಕಿಸಿದರು, ರಂಪಣಿ ಬೀಸಿದ ಹೊತ್ತುಗಳನ್ನು ಮಾವನಿಗೆ ಫೋನು ಮಾಡಿ ಕೇಳಿದರು. ನಿಮಿಷ ನಿಮಿಷಕ್ಕೂ ಹೊಂದಿತು. ಸದ್ದು ೩೧೭ ಕೂಡ ಎರಡು ವರ್ಷದ ಕೆಳಗೆ ಬಲೆ ಹರಿದ ದಿನದ್ದೇ. ಕೇಬಲ್ಲಿನ ಆ ಪಕ್ಕ ಎಂದು ಎಲ್ಲರೂ ನಂಬಿದ್ದು ಈ ಪಕ್ಕವಾಗಿತ್ತು, ದಡದ ಪಕ್ಕ. ಮೇಡಮ್ ಕುರ್ಚಿಯಲ್ಲಿ ಕೂತರು. ಆಮೇಲೆ ನಗಲು ಶುರು ಮಾಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

"ನಲವತ್ತು ಜನ ಒಂದೇ ತಾಳದಲ್ಲಿ ಇದ್ರು ಅಂತ ನನ್ನ ಪೆಟ್ಟಿಗೆ ಅದು ಮನುಷ್ಯರೇ ಅಲ್ಲ ಅಂತ ಹೇಳಿತಾ! ದೇವ್ರೇ! ಅದಕ್ಕೆ ಅಷ್ಟೂ ನಂಬಿಕೆ ಇಲ್ಲ ನಮ್ಮ ಮೇಲೆ!"

"ಮ್ಯಾಡಂ, ಕಲಿಸಿದ್ದ ನಾವs ಅಲ್ರೀ," ಎಂದರು ಬಸಲಿಂಗ, ನಗುತ್ತಲೇ.

ನಗು ನಿಂತದ್ದು ರಾಜಧಾನಿಯಿಂದ ಬಂದಿದ್ದ ಅಧಿಕಾರಿ ಚಂದ್ರಮೌಳಿ ಸರ್ ಒಳಗೆ ಬಂದಾಗ. ನಾಲ್ಕು ದಿನದಿಂದ ನಿದ್ದೆಯಿಲ್ಲದ ಮುಖ. ಪುಟವನ್ನು ಎರಡು ಸಲ ಓದಿದರು. ಕೋಪಿಸಿಕೊಳ್ಳಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು.

"ನೋಡಮ್ಮ, ನೀನು ಮಾಡಿರೋದು ಒಳ್ಳೇ ಕೆಲಸ," ಎಂದರು. "ಆದ್ರೆ ಯೋಚನೆ ಮಾಡು. ತೊಂಬತ್ತಾರು ಪರ್ಸೆಂಟ್ ಯಂತ್ರ ಅಂತ ಜಗತ್ತಿಗೆಲ್ಲ ಸಾರಿದ್ದೀವಿ. ಈಗ ಅದು ಬಂಗುಡೆ ಹಿಡಿಯೋ ದೋಣಿ ಅಂದ್ರೆ ನಗ್ತಾರೆ. ನಾಳೆ ನಿಜವಾಗ್ಲೂ ಒಂದು ಸಬ್‌ಮರೀನ್ ಬಂದಾಗ ನಮ್ಮ ಮಾತು ಯಾರು ಕೇಳ್ತಾರೆ? ಅದರ ಬದಲು ಸಭೇಲಿ ಒಂದೇ ಒಂದು ಲೈನ್ ಹೇಳು. 'ಅದು ಹೊರಟು ಹೋಯ್ತು.' ಅಷ್ಟೇ. ಎಚ್ಚರಿಕೆ ರದ್ದಾಗತ್ತೆ. ಮೂಡಣದೋರು ನಾವು ಓಡಿಸಿದ್ವಿ ಅಂದ್ಕೋತಾರೆ, ಪಡುವಣದೋರೂ ಹಾಗೇ ಅಂದ್ಕೋತಾರೆ. ಇಬ್ರಿಗೂ ಖುಷಿ. ಕೂಟ ಉಳಿಯತ್ತೆ. ನಿನ್ನ ಹೆಸರೂ ಬರಲ್ಲ."

ಸುಳ್ಳು ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದರೆ, ನನಗೆ ಅದು ಬೇಕೆನಿಸಿತು.

ಐರಿನ್ ಮೇಡಮ್ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಅವರ ಇಪ್ಪತ್ತು ವರ್ಷ ಆ ಅಕ್ಕಿ ಡಬ್ಬಿಯಲ್ಲಿತ್ತು. ಜಗತ್ತು ನಗುವುದು ಮೊದಲು ಅವರನ್ನೇ.

"ಸರ್, ನಾಲ್ಕೂ ದಿನದ ಸದ್ದು ಎಲ್ಲರ ಹತ್ರವೂ ಉಂಟು," ಎಂದರು. "ನಾವೇ ಕೊಟ್ಟದ್ದು. ಇವತ್ತಲ್ಲದಿದ್ರೆ ಮುಂದಿನ ವರ್ಷ ಯಾರಾದ್ರೂ ಕಂಡುಹಿಡೀತಾರೆ. ಆಗ ನಾವು ತಪ್ಪಿದ್ದಲ್ಲ, ಮುಚ್ಚಿಟ್ಟದ್ದು ಅಂತ ಆಗ್ತದೆ. ಮತ್ತೆ ಒಂದು ವಿಷಯ. ಆ ಇಬ್ಬರ ಹತ್ರ ಹಡಗು ಉಂಟು, ಕ್ಷಿಪಣಿ ಉಂಟು. ಆದ್ರೆ ಅಲ್ಲಿ ಯಾರಾದ್ರೂ ಮೈಕ್ ಹಿಡಿದು 'ನಾನು ತಪ್ಪಿದೆ' ಅಂತ ಹೇಳಿ ಮಾರನೇ ದಿನ ಅದೇ ಕುರ್ಚಿಗೆ ಬಂದು ಕೂತದ್ದು ನಾನು ಕೇಳಿಲ್ಲ. ನಮ್ಮ ಹತ್ರ ಇರುದು ಅದೊಂದೇ. ಅದನ್ನೂ ಬಿಟ್ರೆ ನಾವು ಅವರ ಸಣ್ಣ ಕಾಪಿ ಅಷ್ಟೇ."

"ಹಾಗಾದ್ರೆ ಹೇಳೋರು ಯಾರು?" ಎಂದರು ಚಂದ್ರಮೌಳಿ.

ಮೂವರೂ ನನ್ನ ಕಡೆ ನೋಡಿದರು.

"ಕೆಲಸ ಹೋಗುದಿಲ್ಲ, ಅದು ನನಗೆ ಬಿಡು," ಎಂದರು ಮೇಡಮ್. "ಆದ್ರೆ ಒತ್ತಾಯ ಮಾಡುದಿಲ್ಲ ವಾರಿಜಾ. ಯಾವ ಲೈನ್ ಹೇಳ್ತಿ, ಹೇಳ್ತಿಯಾ ಇಲ್ವಾ, ನಿನಗೆ ಬಿಟ್ಟದ್ದು."

"ನಾ ಓದ್ತೀನಿ ತಂಗಿ, ನಿನ್ನ ಚೀಟಿ," ಎಂದರು ಬಸಲಿಂಗ. "ನೀ ನನ್ನ ಬಾಜೂಕ ನಿಂತ್ಕೊ, ಸಾಕು."

*

ಭಾನುವಾರ ಹರಾಜು ಕಟ್ಟೆಯನ್ನು ಹೆಂಗಸರು ತೊಳೆದು ರಂಗೋಲಿ ಹಾಕಿದ್ದರು, ಆದರೂ ಬಂಗುಡೆಯ ವಾಸನೆ ಬಿಟ್ಟುಹೋಗಿರಲಿಲ್ಲ. ಮುಂದಿನ ಸಾಲಿನಲ್ಲಿ ದೂತರಿಬ್ಬರು, ಇಬ್ಬರ ಕೈಗೂ ಬ್ಯಾಂಡೇಜು. ಕಂಬಗಳಿಗೆ ಕಟ್ಟಿದ ಕ್ಯಾಮರಾಗಳಲ್ಲಿ ಹತ್ತೊಂಬತ್ತು ದೇಶಗಳು ನೋಡುತ್ತಿದ್ದವು. ಅಮ್ಮಮ್ಮ ಮೂಡಣದ ಕೊಡೆ ಬಿಚ್ಚಿ ಕೂತಿದ್ದಳು, ಹಿಂದಿನವರು 'ಮುಚ್ಚ್ ಅಬ್ಬೀ, ಕಾಂತಿಲ್ಲ' ಎಂದು ಬೈಯುತ್ತಿದ್ದರು.

ಸಭಾಧ್ಯಕ್ಷರನ್ನು ಆರಿಸುವುದು ಊರಿನವರ ಹೆಸರುಗಳ ಚೀಟಿ ಎತ್ತಿ. ಈ ಸಲ ಬಂದದ್ದು ಟೈಲರ್ ಅಣ್ಣಪ್ಪ ಶೇರಿಗಾರರ ಹೆಸರು. ಅಂಗಡಿಯಿಂದ ನೇರ ಬಂದಿದ್ದರೇನೋ, ಅಳತೆಯ ಟೇಪು ಕುತ್ತಿಗೆಯಲ್ಲೇ ಇತ್ತು.

"ಎಲ್ಲರಿಗೂ ನಮಸ್ಕಾರ," ಎಂದರು. "ದೊಡ್ಡ ದೊಡ್ಡವ್ರ್ ಬಂದಿದ್ರ್, ಸಂತೋಷ. ಕಟ್ಟಳೆ ಎಲ್ಲರಿಗೂ ಒಂದೇ. ಸದ್ದಿಗೆ ಗುರ್ತ್ ಹಾಕಿದ್ದ್ ಯಾರ್? ಬನ್ನಿ, ಹೇಳಿ."

ಬಸಲಿಂಗಣ್ಣ ಎದ್ದು ನನ್ನ ಚೀಟಿ ಬಿಚ್ಚಿದರು. "ಇದು ಕೇಂದ್ರದ ಸಿಬ್ಬಂದಿಯೊಬ್ಬರು ಬರೆದ…"

"ಗುರ್ತ್ ಹಾಕಿದವ್ರ್ ನೀವಾ?"

"ಅಲ್ರೀ."

"ಹಾಂಗಾರೆ ಕೂಕಣಿ. ಕಾಗದ ಕೊಟ್ರೆ ಒಂದ್ ತಿಂಗ್ಳ್ ಆತ್. ಇವ್ರ್ ಇವತ್ತೇ ಸಹಿ ಬೇಕ್ ಅಂತ್ರ್."

ಪಡುವಣದ ದೂತ ಎದ್ದ. ಬಿಲ್ಲೆ ಮೊಳಗಿತು: "ಗುರುತು ಮಾಡಿದವರು ಅಡಗಿರುವುದೇಕೆ? ಅವರನ್ನು ಎದುರಾಳಿ ಬಣವು ಕೊಂಡುಕೊಂಡಿರಬಹುದಲ್ಲವೇ?" ಮೂಡಣದ ದೂತೆಯೂ ಎದ್ದರು: "ನಮ್ಮದೂ ಅದೇ ಸಂಶಯ. ಸಭೆಯ ಅಂತ್ಯದವರೆಗೂ ಈ ದಡದಿಂದ ಯಾವ ದೋಣಿಯೂ ಕದಲಕೂಡದು. ಎಲ್ಲ ದೋಣಿಗಳನ್ನೂ ವಶಪಡಿಸಿಕೊಂಡು ಪರೀಕ್ಷಿಸಬೇಕು."

ಅವರಿಬ್ಬರೂ ಆ ವಾರ ಒಪ್ಪಿದ ಮೊದಲ ಮಾತು ಅದು. ಹಿಂದಿನ ಸಾಲಿನಲ್ಲಿ ಮಾವ ಎದ್ದು ನಿಂತ. ನಿನ್ನೆ ಯಾರ ಜೊತೆ ಹಗ್ಗ ಎಳೆದಿದ್ದನೋ ಅವರನ್ನು ನೋಡುತ್ತ, "ನಮ್ಮ ದೋಣಿಯಾ?" ಎಂದ. ಅಷ್ಟೇ. ನಲವತ್ತು ಜನ ಅವನ ಸುತ್ತ ಎದ್ದು ನಿಂತರು.

ನನ್ನ ಕಾಲುಗಳು ನಡೆದವು. ನಾನು ನಡೆಸಿದ್ದೆಂದು ಹೇಳಲಾರೆ. ಬಸಲಿಂಗಣ್ಣ ಬಾಗಿ, "ನಡಿ ಅವ್ವಾ, ನೀರಿಗೆ ಇಳಿಯೂದಕಿಂತ ಸಸಾರ ಐತಿ," ಎಂದರು. ಅಣ್ಣಪ್ಪ ಶೇರಿಗಾರರು ನನ್ನನ್ನು ನೋಡಿ, ಎಷ್ಟೋ ಲಂಗ ಹೊಲಿದುಕೊಟ್ಟವರಲ್ಲವೇ, ಅಳತೆ ಕೇಳದೆ ಮೈಕನ್ನು ಸರಿಯಾಗಿ ನನ್ನ ಬಾಯಿಯ ಎತ್ತರಕ್ಕೆ ಇಳಿಸಿದರು.

"ಹೇಳ್ ಮಗಾ. ನಿಧಾನ."

ಮುಂದಿನ ಸಾಲಿನ ತುದಿಯಲ್ಲಿ ಚಂದ್ರಮೌಳಿ ಸರ್ ಸದ್ದಿಲ್ಲದೆ ತುಟಿಯಾಡಿಸಿದರು: ಅದು ಹೊರಟು ಹೋಯ್ತು. ಮೂರೇ ಪದ. ಯಾರೂ ನನ್ನ ಕಡೆ ಎರಡನೇ ಸಲ ನೋಡುವುದಿಲ್ಲ. ಐರಿನ್ ಮೇಡಮ್ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಒತ್ತಾಯ ಮಾಡಬಾರದೆಂದು ಕಷ್ಟಪಟ್ಟು ಚಾವಣಿ ನೋಡುತ್ತಿದ್ದರು. ನನಗೆ ಅದನ್ನು ಕಂಡು ಯಾಕೋ ನಗು ಬಂತು. ನಗು ಬಂದ ಗಂಟಲು ಒಣಗಿರಲಿಲ್ಲ.

ಮೈಕಿನಲ್ಲಿ ನನ್ನ ದನಿ ನನಗೇ ಗುರುತಿಲ್ಲದ ಹಾಗೆ, ದೊಡ್ಡದಾಗಿ, ಕಟ್ಟೆಯ ತುದಿಯವರೆಗೂ ಹೋಯಿತು:

"ಅದ್ ಸಬ್‌ಮರೀನ್ ಅಲ್ಲ, ನಮ್ಮ ಶೀನ ಮಾವನ ರಂಪಣಿ. ಯಂತ್ರ ಅಂದೇಳಿ ತಪ್ಪ್ ಗುರ್ತ್ ಹಾಕಿದ್ದ್ ನಾನೇ. ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂದೇಳಿ ಹೇಳುಕೆ ಹೆದ್ರಿ, ಗೊತ್ತಿತ್ ಅಂದೇಳಿ ಬರ್ದೆ."